ಒಂದೇ ಭಾನುವಾರದ ಡಾಕ್ಟರು

ಅವರ ಕೈಗೆ ನಮ್ಮ ಕೈ ಸಿಕ್ಕರೆ ಸಾಕು, ಹೆಬ್ಬೆರಳು ತಾನೇ ಮೊಣಕೈಯ ಒಳಭಾಗಕ್ಕೆ ಹೋಗಿ ನರ ಹುಡುಕುತ್ತಿತ್ತು. ನಾನು ಮೊದಲ ಸಲ ಅವರಿಗೆ ಕುಂಕುಮ ಕೊಟ್ಟಾಗಲೂ ಹಾಗೇ ಆಯಿತು. ಬಟ್ಟಲು ಹಿಡಿದಿದ್ದ ನನ್ನ ಕೈಯನ್ನು ಸ್ವಲ್ಪ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, "ಎಷ್ಟ್ ಛಲೋ ನರ ಅದ ರೀ ನಿಮ್ದು, ಕಣ್ಣು ಮುಚ್ಚಿ ರಕ್ತ ತಗೀಬಹುದು" ಅಂದರು. ಆಮೇಲೆ ತಾವೇ ನಾಚಿಕೊಂಡು, "ಚಟ ನೋಡ್ರಿ ಇದು" ಎಂದು ನಕ್ಕು ಕುಂಕುಮ ಇಟ್ಟುಕೊಂಡರು.

ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವರ ಹೆಸರನ್ನು ಹೇಳಬಾರದ ಕಡೆ ಹೇಳಿ ಆದದ್ದೇ ಸಾಕು. ನಾನು ಅವರನ್ನು ಡಾಕ್ಟ್ರೇ ಎನ್ನುತ್ತಿದ್ದೆ, ಅವರು ನನ್ನನ್ನು ವೈನಿ ಎನ್ನುತ್ತಿದ್ದರು. ಹುಬ್ಬಳ್ಳಿ ಕಡೆ ಅತ್ತಿಗೆಯನ್ನು ಹಾಗೆ ಕರೆಯುತ್ತಾರೆ ಅಂತ ನನಗೆ ಗೊತ್ತಾದದ್ದೇ ಅವರಿಂದ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದ ನನಗೆ ನಮ್ಮದೇ ರಾಜ್ಯದ ಎಷ್ಟೋ ಮಾತು ನ್ಯೂಜೆರ್ಸಿಗೆ ಬಂದ ಮೇಲೇ ಕಿವಿಗೆ ಬಿದ್ದದ್ದು.

ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾವು ಕೆಳಗೆ, ಅವರು ಮೇಲೆ. ಹುಬ್ಬಳ್ಳಿಯಲ್ಲಿ ಹನ್ನೆರಡು ವರ್ಷ ಚರ್ಮರೋಗದ ಡಾಕ್ಟರಾಗಿದ್ದವರು, ಗಂಡನ ಕೆಲಸದ ಜೊತೆ ಇಲ್ಲಿಗೆ ಬಂದರು. ಹೊರದೇಶದ ಡಾಕ್ಟರು ಇಲ್ಲಿ ಸುಮ್ಮನೆ ಬೋರ್ಡು ಹಾಕಿಕೊಳ್ಳುವ ಹಾಗಿಲ್ಲ. ಪರೀಕ್ಷೆಗಳನ್ನೆಲ್ಲ ಮತ್ತೆ ಬರೆಯಬೇಕು, ಬರೆದ ಮೇಲೆ ಯಾವುದಾದರೂ ಆಸ್ಪತ್ರೆ ಮೂರು ನಾಲ್ಕು ವರ್ಷದ ತರಬೇತಿಗೆ ಕರೆದುಕೊಳ್ಳಬೇಕು. ಅವರು ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದರು. ನಲವತ್ತೈದನೇ ವಯಸ್ಸಿನಲ್ಲಿ, ಕುಕ್ಕರ್ ಪಕ್ಕ ಪುಸ್ತಕ ನಿಲ್ಲಿಸಿಕೊಂಡು. ಆದರೆ ಎರಡು ವರ್ಷ ಅರ್ಜಿ ಹಾಕಿದರೂ ಯಾವ ಆಸ್ಪತ್ರೆಯೂ ಕರೆಯಲಿಲ್ಲ. ಇಲ್ಲಿಯ ಡಾಕ್ಟರೊಬ್ಬರು, ಇವರ ಕೆಲಸವನ್ನು ಕಣ್ಣಾರೆ ಕಂಡಿದ್ದೇನೆ, ಇವರು ಯೋಗ್ಯರು ಅಂತ ಪತ್ರ ಬರೆದುಕೊಟ್ಟರೆ ಮಾತ್ರ ಏನಾದರೂ ಆದೀತು ಎಂದು ಯಾರೋ ಹೇಳಿದರು. ಆ ಒಂದು ಪತ್ರಕ್ಕಾಗಿ, ನಾವಿದ್ದ ಐಸೆಲಿನ್‌ನಿಂದ ಸ್ವಲ್ಪ ಆಚೆ ಇದ್ದ ಒಂದು ಸ್ಕಿನ್ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿ ಸೇರಿಕೊಂಡರು. ರಕ್ತ ತೆಗೆಯುವುದು, ಟ್ಯೂಬಿಗೆ ಚೀಟಿ ಅಂಟಿಸುವುದು, ಬೆಳಿಗ್ಗೆ ಬೀಗ ತೆಗೆದು ಕೋಣೆ ಅಣಿ ಮಾಡುವುದು.

ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಮಗಳನ್ನು ಸ್ಕೂಲಿಗೆ ಬಿಟ್ಟು ನಾನು ಹೋಗುವ ದಾರಿಯಲ್ಲೇ ಕ್ಲಿನಿಕ್ಕು. ಹಾಗಾಗಿ ಎರಡು ಚಳಿಗಾಲ, ಎರಡು ಬೇಸಿಗೆ ಅವರು ನನ್ನ ಕಾರಿನ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಡಬ್ಬಿಯ ಚೀಲ ಇಟ್ಟುಕೊಂಡು ಬಂದರು. ಚೀಲದ ಹಿಡಿಯನ್ನು ಯಾವಾಗಲೂ ಎರಡು ಸುತ್ತು ಕೈಗೆ ಸುತ್ತಿಕೊಂಡೇ ಕೂರುವರು. ಕೆಂಪು ದೀಪಕ್ಕೆ ನಿಂತಾಗ ಪಕ್ಕದ ಕಾರಿನವರ ಮುಖ ನೋಡಿ ಮೆಲ್ಲಗೆ ಹೇಳುವರು: "ಆ ಯಪ್ಪಗ ರೋಸೇಶಿಯಾ ಅದ ರೀ, ಮುಖ ಕೆಂಪಾಗೂ ರೋಗ. ಕುಡುಕ ಅಂತ ಎಲ್ಲಾರೂ ತಪ್ಪು ತಿಳೀತಾರ, ಪಾಪ." ಇನ್ನೊಂದು ದಿನ, ಲಿಪ್‌ಸ್ಟಿಕ್ ಹಚ್ಚುತ್ತಿದ್ದ ಹೆಂಗಸನ್ನು ನೋಡಿ, "ಮುಖ ಹ್ಯಾಂಗರ ಸುಳ್ಳು ಹೇಳ್ತದ ವೈನಿ, ಕುತ್ತಿಗಿಗೆ ಸುಳ್ಳು ಬರಂಗಿಲ್ಲ." ನಾನು ಅಂದಿನಿಂದ ಕನ್ನಡಿಯಲ್ಲಿ ಕುತ್ತಿಗೆಯನ್ನೇ ನೋಡಿಕೊಳ್ಳುತ್ತೇನೆ.

ಬ್ಯಾಂಕುಗಳು ಒಂದರ ಮೇಲೊಂದು ಬಿದ್ದ ವರ್ಷಗಳು ಅವು. ನಮ್ಮವರ ಫಾರ್ಮಾ ಕಂಪನಿಯಲ್ಲೂ ಶುಕ್ರವಾರ ಬಂತೆಂದರೆ ಯಾರ ಮೇಜು ಖಾಲಿ ಎಂದು ನೋಡಿಕೊಂಡು ಬರುತ್ತಿದ್ದರು. ಇಂಥ ಹೊತ್ತಿನಲ್ಲಿ ಸ್ಕಿನ್ ಕ್ಲಿನಿಕ್ಕಿಗೆ ಯಾರು ಹೋಗುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ತುಂಬಿ ತುಳುಕುತ್ತಿತ್ತಂತೆ. ಕೆಲಸ ಕಳೆದುಕೊಂಡ ಐವತ್ತರ ಗಂಡಸರು ಟೈ ಕಟ್ಟಿಕೊಂಡೇ ಬರುವರಂತೆ, ಮನೆಯವರಿಗೆ ಆಫೀಸಿಗೆ ಹೋಗುತ್ತೇನೆಂದು ಹೇಳಿ. ಇಂಟರ್‌ವ್ಯೂನಲ್ಲಿ ಹತ್ತು ವರ್ಷ ಚಿಕ್ಕವರಾಗಿ ಕಾಣಬೇಕು. ಅವರಿಗೆಲ್ಲ ಆಗ ಹೊಸದಾಗಿ ಬಂದಿದ್ದ ಒಂದು ಚಿಕಿತ್ಸೆ. ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಮೇಲೆ ತಿಳಿಯಾಗಿ ನಿಲ್ಲುವ ಹಳದಿ ದ್ರವವನ್ನು, ಅಂದರೆ ಪ್ಲಾಸ್ಮಾವನ್ನು, ಸಣ್ಣ ಸೂಜಿಯಿಂದ ಮುಖಕ್ಕೇ ಚುಚ್ಚುವುದು. ಅದರಲ್ಲಿರುವ ಪ್ಲೇಟ್‌ಲೆಟ್‌ಗಳು ಚರ್ಮವನ್ನು ಒಳಗಿಂದ ಎಬ್ಬಿಸುತ್ತವೆ ಅಂತ. ಮೂರು ನಾಲ್ಕು ಸಲ ಮಾಡಿಸಿಕೊಳ್ಳಬೇಕು.

"ನಿಜವಾಗಿ ಆಗುತ್ತಾ ಡಾಕ್ಟ್ರೇ?" ಅಂತ ಕೇಳಿದ್ದೆ.

"ಒಂದೀಟು ಆಗ್ತದ, ಒಂದೀಟು ಆಗಿಲ್ಲಂದ್ರೂ ಆಗೇದ ಅನಸ್ತದ. ಅವರದ ರಕ್ತ ಅವರಿಗೇ ಮಾರೂದ್ರೀ ಇದು. ಇಂಥಾ ವ್ಯಾಪಾರ ನಮ್ಮ ಹುಬ್ಬಳ್ಳಿ ಮಂದಿಗೆ ಹೊಳೀಲೇ ಇಲ್ಲ ನೋಡ್ರಿ."

ನಕ್ಕೆವು. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು. "ನಿನ್ನೆ ಒಬ್ಬಾತ ಕುರ್ಚ್ಯಾಗ ಅತ್ತ. ಸೂಜಿಗೆ ಅಲ್ಲ. ಟ್ಯೂಬ್ ತೋರಿಸಿ, ನಿಮ್ಮ ಪ್ಲಾಸ್ಮಾ ಭಾಳ ಛಲೋ ಬಂದದ ಅಂದೆ, ಅದಕ್ಕ. ಏಳು ತಿಂಗಳಾತು, ನನ್ನದು ಏನರ ಛಲೋ ಅದ ಅಂತ ಯಾರೂ ಅಂದಿದ್ದಿಲ್ಲ ಅಂದ."

ಚುಚ್ಚುವ ಕೆಲಸ ಮಾತ್ರ ಕ್ಲಿನಿಕ್ಕಿನ ಡಾಕ್ಟರದು. ಇವರು ಪಕ್ಕದಲ್ಲಿ ನಿಂತು ಐಸ್ ಹಿಡಿಯಬೇಕು. ಆ ಡಾಕ್ಟರು ಒಳ್ಳೆಯವರೇ. ಆದರೆ ಕಣ್ಣಿನ ಕೆಳಗೆ ಚುಚ್ಚುವಾಗ ಅವಸರ ಮಾಡುತ್ತಾರೆ, ಕಪ್ಪಗೆ ಕಂದಿ ಹೋಗುತ್ತದೆ ಎನ್ನುವರು. ಹೇಳುವಾಗ ಇವರ ಬೆರಳು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಸರಿಯುತ್ತಿತ್ತು, ಒಂದಕ್ಕೊಂದು ಒಂದೇ ಅಂತರದಲ್ಲಿ, ರಂಗೋಲಿಗೆ ಇಟ್ಟ ಹಾಗೆ.

ಆ ಆಗಸ್ಟಿನಲ್ಲಿ ಅವರ ಮುಖದಲ್ಲಿ ಬೇರೆಯೇ ಕಳೆ. ಪತ್ರ ಬರೆದುಕೊಡುವುದಾಗಿ ಡಾಕ್ಟರು ಒಪ್ಪಿದ್ದರು. ಸೆಪ್ಟೆಂಬರಿನಲ್ಲಿ ಅರ್ಜಿ. ಆ ವರ್ಷ ಹೋದರೆ ಮತ್ತೆ ಇಲ್ಲ ಎಂಬುದೂ ಅವರಿಗೆ ಗೊತ್ತಿತ್ತು. "ಪಾಸಾದ ಪರೀಕ್ಷೆಗೂ ಆಯುಷ್ಯ ಇರ್ತದ್ರೀ ಇಲ್ಲೆ. ನನ್ನದು ಮುಗೀಲಿಕ್ಕೆ ಬಂತು."

ಇನ್ನು ನನ್ನ ಗೆಳತಿ ಶೈಲಾಳ ವಿಷಯ. ಬೆಂಗಳೂರಿನವಳು, ಜೆರ್ಸಿ ಸಿಟಿಯ ಬ್ಯಾಂಕೊಂದರಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿ, ಒಂದು ಮಂಗಳವಾರ ರಟ್ಟಿನ ಡಬ್ಬ ಹಿಡಿದುಕೊಂಡು ಮನೆಗೆ ಬಂದಿದ್ದಳು. ಎಲ್ಲಿ ಹೋದರೂ ಎದುರಿಗೆ ಕೂತು ಪ್ರಶ್ನೆ ಕೇಳುವವರು ಅವಳ ಮಗಳ ವಯಸ್ಸಿನವರು. "ನನ್ನ ರೆಸ್ಯೂಮೆ ನೋಡಲ್ಲ ಕಣೇ, ಕಣ್ ಕೆಳಗಿನ ಚೀಲ ನೋಡ್ತಾರೆ" ಎಂದು ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ಮೂರು ವಾರದಲ್ಲಿ ಒಂದು ಇಂಟರ್‌ವ್ಯೂ ಇತ್ತು. ಕ್ಲಿನಿಕ್ಕಿನ ದರ ಕೇಳಿ ಬಂದಿದ್ದಳು, ಅದು ಅವಳಿಗೆ ಸಾಧ್ಯವಿರಲಿಲ್ಲ. ಹೊಸಿಲು ದಾಟುವಾಗ ತಿರುಗಿ ನಿಂತು, "ನಿಮ್ಮ ಮಹಡಿ ಮೇಲಿನ ಡಾಕ್ಟ್ರು ಮಾಡಲ್ವಂತಾ? ಅವ್ರೂ ಡಾಕ್ಟ್ರೇ ಅಲ್ವಾ?" ಅಂದಳು.

ನಾನು ಇಲ್ಲ ಎನ್ನಬಹುದಿತ್ತು. ಮಾರನೆಯ ದಿನ ಕಾರಿನಲ್ಲಿ ಕೇಳಿದೆ.

"ಬ್ಯಾಡ್ರಿ ವೈನಿ. ನನಗ ಇಲ್ಲೆ ಲೈಸೆನ್ಸ್ ಇಲ್ಲ."

ಎರಡು ದಿನ ಬಿಟ್ಟು ಮತ್ತೆ ಕೇಳಿದೆ, ಶೈಲಾ ಅತ್ತದ್ದನ್ನು ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತಾ, "ಹಂಗ ಮಾಡಿದ್ರ ತಪ್ಪಾಗ್ತದ್ರೀ" ಅಂದರು. ಮೂರನೆಯ ಸಲ ನಾನು ಕೇಳಲಿಲ್ಲ. "ಹೋಗಲಿ ಬಿಡಿ ಡಾಕ್ಟ್ರೇ, ನಿಮಗೆ ಯಾಕೆ ತೊಂದರೆ" ಅಂದೆ ಅಷ್ಟೇ. ಅಂದು ಇಳಿಯುವಾಗ ಅವರು ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಹಿಮ ಬಿದ್ದ ದಿನಗಳಲ್ಲಿ ನಾನು ಕಾರಿನ ಗಾಜು ಕೆರೆದು, ಬಿಸಿ ಮಾಡಿ, ಅವರಿಗಾಗಿ ಕಾದದ್ದೆಲ್ಲ ಅವರ ಕಣ್ಣ ಮುಂದೆ ಬಂದಿರಬೇಕು. ನಮ್ಮ ಜನಕ್ಕೆ ಇಷ್ಟೇ ಸಾಕು. ಬಾಯಿಬಿಟ್ಟು ಕೇಳಿದರೆ ಇಲ್ಲವೆನ್ನಬಹುದು, ಹೋಗಲಿ ಬಿಡಿ ಎಂದವರಿಗೆ ಇಲ್ಲವೆನ್ನುವುದು ಹೇಗೆ?

"ಭಾನುವಾರ ಕ್ಲಿನಿಕ್ ಬಂದ್ ಇರ್ತದ. ಕೀಲಿ ನನ್ನ ಕಡೆ ಅದ" ಎಂದರು. "ಒಂದ ಸಲ. ಯಾರಿಗೂ ಹೇಳಬಾರದು ಅಂತ ಆಕೀಗೆ ಹೇಳ್ರಿ."

ಆ ಭಾನುವಾರದ ಬೆಳಿಗ್ಗೆ ಚೆನ್ನಾಗಿ ನೆನಪಿದೆ. ಅವರು ಮನೆಯಿಂದ ಒಗೆದು ಇಸ್ತ್ರಿ ಮಾಡಿದ ಬಿಳಿ ಕೋಟು ತಂದಿದ್ದರು. ಹುಬ್ಬಳ್ಳಿಯದು. ಜೇಬಿನ ಮೇಲೆ ನೀಲಿ ದಾರದಲ್ಲಿ ಹೊಲಿದ ಹೆಸರು, ಒಂದು ಅಕ್ಷರ ಬಿಚ್ಚಿಕೊಂಡಿತ್ತು. ಶೈಲಾ ಕುರ್ಚಿಯಲ್ಲಿ ಒರಗಿ, "ಅಯ್ಯೋ ದೇವ್ರೇ, ಸೂಜಿ ಅಂದ್ರೆ ನಂಗೆ ಆಗಲ್ಲ ಡಾಕ್ಟ್ರೇ, ಮೂರ್ಛೆ ಹೋದ್ರೆ ಬಿಂದಿಗೆ ನೀರು ಹಾಕಿಬಿಡಿ" ಎಂದು ಒಂದೇ ಸಮನೆ ಮಾತಾಡುತ್ತಿದ್ದಳು.

"ಆಗಲ್ರಿ. ಈಗ ಮುಷ್ಟಿ ಬಿಡ್ರಿ."

"ಯಾಕೆ, ಚುಚ್ಚಲ್ವಾ?"

"ಮುಗೀತ್ರಿ."

ಶೈಲಾ ತೋಳು ನೋಡಿಕೊಂಡಳು. ಟ್ಯೂಬು ತುಂಬಿತ್ತು.

ಯಂತ್ರದಲ್ಲಿ ಟ್ಯೂಬಿನ ಎದುರು ಅಷ್ಟೇ ತೂಕದ ನೀರಿನ ಟ್ಯೂಬು ಇಟ್ಟು ಮುಚ್ಚಿದರು, ಇಲ್ಲದಿದ್ದರೆ ಕುಣಿಯುತ್ತದಂತೆ. ನಿಂತ ಮೇಲೆ ತೆಗೆದು ಬೆಳಕಿಗೆ ಹಿಡಿದರು. ಕೆಳಗೆ ಕಪ್ಪು ಕೆಂಪು, ನಡುವೆ ದಾರದಷ್ಟು ತೆಳುವಾದ ಬಿಳಿ, ಮೇಲೆ ತಿಳಿ ಹಳದಿ. ಚುಚ್ಚಲು ಶುರು ಮಾಡಿದರು, ಚುಕ್ಕಿ ಚುಕ್ಕಿಯಾಗಿ, ಒಂದೇ ಅಂತರದಲ್ಲಿ. ನಾನು ಅಷ್ಟು ದಿನ ನೋಡಿದ್ದ, ಚೀಲದ ಹಿಡಿಯನ್ನು ಕೈಗೆ ಸುತ್ತಿಕೊಂಡು ಕೂರುವ ಹೆಂಗಸು ಅಲ್ಲಿರಲಿಲ್ಲ. ಬೆನ್ನು ನೆಟ್ಟಗಿತ್ತು. ಮುಗಿದ ಮೇಲೆ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದರು, ಬಹಳ ಹೊತ್ತು, ನಲ್ಲಿ ನಿಲ್ಲಿಸಲು ಮನಸ್ಸಿಲ್ಲದವರ ಹಾಗೆ. ಬಳಸಿದ ಸೂಜಿ, ಟ್ಯೂಬುಗಳಿಗೆ ಬದಲಾಗಿ ತಾವೇ ತರಿಸಿದ್ದ ಹೊಸ ಪೊಟ್ಟಣವನ್ನು ಕಪಾಟಿನಲ್ಲಿಟ್ಟು, ಕೋಟು ಮಡಚಿ ಚೀಲಕ್ಕೆ ಹಾಕಿದರು.

ಶೈಲಾಳಿಗೆ ಏನೂ ತೊಂದರೆಯಾಗಲಿಲ್ಲ. ಎರಡು ದಿನ ಮುಖ ಕೆಂಪಗಿತ್ತು, ಆಮೇಲೆ ನಿಜಕ್ಕೂ ಚೆನ್ನಾಗಿ ಕಂಡಳು. ಅದೇ ಅನರ್ಥವಾಯಿತು.

ಗೌರಿ ಹಬ್ಬಕ್ಕೆ ಅವಳ ಮನೆಯಲ್ಲಿ ಬಾಗಿನ ಕೊಡುವುದಿತ್ತು. ಹತ್ತು ಹನ್ನೆರಡು ಹೆಂಗಸರು, ಎಲ್ಲ ಕನ್ನಡದವರೇ. "ಏನ್ರೀ ಶೈಲಾ, ಮುಖಕ್ಕೆ ಏನ್ ಹಚ್ಚಿದೀರಾ? ಕೆಲ್ಸ ಹೋದ್ಮೇಲೇ ಚೆನ್ನಾಗಿ ಕಾಣ್ತಿದೀರಾ!" ಎಂದು ಯಾರೋ ಛೇಡಿಸಿದರು. ಶೈಲಾ ಮೊದಲು, ಏನಿಲ್ಲ, ಕಡಲೆಹಿಟ್ಟು, ಅಂದಳು. ಮತ್ತೊಬ್ಬರು ಬಿಡಲಿಲ್ಲ. ಆಗ ಅವಳು ಸೋಫಾದ ತುದಿಯಲ್ಲಿ ಕೂತಿದ್ದ ಇವರ ಭುಜದ ಮೇಲೆ ಕೈಯಿಟ್ಟು, ಹೆಸರು ಹಿಡಿದು ಹೇಳಿ, "ಎಲ್ಲಾ ನಮ್ ಡಾಕ್ಟ್ರ ಕೈಗುಣ ಕಣ್ರೀ! ಹುಬ್ಬಳ್ಳೀಲಿ ದೊಡ್ಡ ಸ್ಪೆಷಲಿಸ್ಟು. ಭಾನುವಾರ ಕ್ಲಿನಿಕ್ ತೆಗೆದು ನಂಗೋಸ್ಕರ ಮಾಡಿಕೊಟ್ರು" ಎಂದುಬಿಟ್ಟಳು.

ನಾನು ತಟ್ಟನೆ ಅವರ ಕಡೆ ನೋಡಿದೆ. ಅವರು ಗಾಬರಿಯಾಗಿದ್ದರು, ಆದರೆ ಒಂದೇ ಕ್ಷಣ. ಅಷ್ಟರಲ್ಲಿ ಒಬ್ಬರು ಬಳೆ ಸರಿಸಿ ಮುಂಗೈ ಮೇಲಿನ ಬಿಳಿ ಮಚ್ಚೆ ತೋರಿಸಿದರು, ಇನ್ನೊಬ್ಬರು ಜಡೆ ಎತ್ತಿ ಕತ್ತಿನ ಹಿಂದಿನ ತುರಿಕೆ ತೋರಿಸಿದರು. ಡಾಕ್ಟ್ರೇ, ಇಲ್ನೋಡಿ. ಡಾಕ್ಟ್ರೇ, ಇದೊಂದು ಹೇಳಿ. ಅವರು ಕನ್ನಡಕ ಹಾಕಿಕೊಂಡು ಒಬ್ಬೊಬ್ಬರ ಕೈಯನ್ನೂ ಬೆಳಕಿಗೆ ಹಿಡಿದು ನೋಡಿದರು. "ಹೆದರಬ್ಯಾಡ್ರಿ, ಇದೇನಲ್ಲ." "ಇದನ್ನ ಮಾತ್ರ ತಡ ಮಾಡದ ತೋರಸ್ರಿ." ಮೊರದ ಬಾಗಿನದ ಮೇಲೆ ಸೆರಗು ಹಿಡಿದು ಕೂತ ಅವರ ಮುಖ ಅಷ್ಟು ತುಂಬಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಆ ಹನ್ನೆರಡು ಜನರಲ್ಲಿ ಒಬ್ಬರು ಮುಂದಿನ ವಾರ ಕ್ಲಿನಿಕ್ಕಿಗೇ ಫೋನ್ ಮಾಡಿ, ಭಾನುವಾರ ಬರುವ ಇಂಡಿಯನ್ ಲೇಡಿ ಡಾಕ್ಟರ ಅಪಾಯಿಂಟ್‌ಮೆಂಟ್ ಬೇಕು ಅಂದರು. ಹೆಸರೂ ಹೇಳಿದರು. ಕೆಟ್ಟ ಉದ್ದೇಶವೇನೂ ಇಲ್ಲ, ಅವರಿಗೆ ನಿಜಕ್ಕೂ ಅಪಾಯಿಂಟ್‌ಮೆಂಟ್ ಬೇಕಿತ್ತು.

ಅಂದು ಸಂಜೆ ನಾಲ್ಕಕ್ಕೆ, ಎಂದಿನಂತೆ ನಮ್ಮ ಡಾಕ್ಟರನ್ನು ಕರೆದುಕೊಂಡು ಬರಲು ಹೋದೆ. ಅಲ್ಲಿಯ ಆಫೀಸು ನೋಡಿಕೊಳ್ಳುವಾಕೆ, ಯಾವಾಗಲೂ ನನ್ನ ಸೀರೆ ಹೊಗಳುವವಳು, ನಗುನಗುತ್ತಲೇ ಒಳಗೆ ಕರೆದಳು. "ಒಂದು ಸಣ್ಣ ಪ್ರಶ್ನೆ, ಡಿಯರ್. ಹೋದ ತಿಂಗಳು ಒಂದು ಭಾನುವಾರ ನೀವು ಇಲ್ಲಿಗೆ ಬಂದಿದ್ದಿರಾ?"

ನಮ್ಮ ಕಾನ್ವೆಂಟಿನ ಸಿಸ್ಟರು, ಸುಳ್ಳು ಹೇಳಿದ ಹುಡುಗಿಯನ್ನು ಹೊಡೆಯುತ್ತಿರಲಿಲ್ಲ, ಸುಮ್ಮನೆ ಮುಖ ನೋಡುತ್ತಿದ್ದರು. ಆ ನೋಟಕ್ಕೆ ಹೆದರಿ ಬೆಳೆದವರು ನಾವು. ಹೌದು ಅಂದೆ.

"ಇಂಜೆಕ್ಷನ್ ಕೊಟ್ಟದ್ದು ಅವರೇನಾ?"

"ಹೌದು. ಬಹಳ ಚೆನ್ನಾಗಿ ಕೊಟ್ಟರು" ಅಂದೆ. ಒಳ್ಳೆಯ ಮಾತು ಸೇರಿಸಿದರೆ ಅವರಿಗೆ ಸಹಾಯವಾಗುತ್ತದೆ ಅಂದುಕೊಂಡೆ.

ಕಾರಿನಲ್ಲಿ ಅವರು ಕೇಳಿದರು, ನಾನು ಹೇಳಿದೆ. ಅವರು ಚೀಲದ ಹಿಡಿಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು. ಆಮೇಲೆ, "ನೀವು ಹೇಳದಿದ್ರೂ ಅಲಾರಂ ಹೇಳ್ತಿತ್ತು ಬಿಡ್ರಿ ವೈನಿ. ಯಾವಾಗ ಬಾಗಲಾ ತಗದ್ರು ಅಂತ ಅದರಾಗ ಬಂದಿರ್ತದ" ಎಂದರು. ನನಗೆ ಸಮಾಧಾನ ಹೇಳಲು ಅಂದದ್ದು. ಬಾಗಿಲು ತೆಗೆದದ್ದು ಅಲಾರಮ್ಮಿಗೆ ಗೊತ್ತಿರಬಹುದು, ಸೂಜಿ ಯಾರ ಕೈಯಲ್ಲಿತ್ತು ಅನ್ನುವುದು ಅದಕ್ಕೆ ಗೊತ್ತಿರಲಿಲ್ಲ.

ಮಾರನೆಯ ದಿನ ಕ್ಲಿನಿಕ್ಕಿನ ಡಾಕ್ಟರು ಅವರನ್ನು ಕೂರಿಸಿಕೊಂಡು ಮೆತ್ತಗೆ ಮಾತಾಡಿದರಂತೆ. ಲೈಸೆನ್ಸ್ ಕೊಡುವ ಸರ್ಕಾರದ ಮಂಡಳಿಗೆ ಬರೆಯುವುದಿಲ್ಲ, ಆದರೆ ನಾಳೆಯಿಂದ ಬರಬೇಡಿ, ಪತ್ರವನ್ನು ಕಳಿಸಲಾರೆ. ಪತ್ರ ಟೈಪಾಗಿ ಮೇಜಿನ ಮೇಲೇ ಇತ್ತಂತೆ. ತಲೆಕೆಳಗಾಗಿದ್ದರೂ ಇವರು ಮೊದಲ ಸಾಲು ಓದಿಕೊಂಡು ಬಂದಿದ್ದರು. ಅದೇನು ಅಂತ ನಾನು ಕೇಳಲಿಲ್ಲ.

ಪತ್ರವಿಲ್ಲದೆ ಅರ್ಜಿ ಹಾಕಿದರು. ಇಂಟರ್‌ವ್ಯೂಗೆ ಒಂದೂ ಕರೆ ಬರಲಿಲ್ಲ. ಮಾರ್ಚಿನಲ್ಲಿ, ಆಸ್ಪತ್ರೆಗಳು ಯಾರನ್ನು ಆರಿಸಿದವು ಎಂಬ ಫಲಿತಾಂಶದ ದಿನ, ನಾನು ಮೇಲೆ ಹೋದಾಗ ಅವರು ಹೀರೇಕಾಯಿ ಹೆರೆಯುತ್ತಿದ್ದರು. ಕಂಪ್ಯೂಟರ್ ತೆಗೆದೇ ಇರಲಿಲ್ಲ. "ಕರೀದೇ ಇದ್ದವರು ಹ್ಯಾಂಗ ತಗೋತಾರ್ರೀ. ಆತಲ್ಲ, ಬಿಡ್ರಿ. ಚಾ ಕುಡೀರಿ." ಚಹಾಕ್ಕೆ ಸಕ್ಕರೆ ಹಾಕಲು ಮರೆತಿದ್ದರು. ಹಾಗೇ ಕುಡಿದೆ.

ಶೈಲಾಳಿಗೂ ಆ ಕೆಲಸ ಸಿಗಲಿಲ್ಲ. ಅವಳಿಗೆ ಇಂದಿಗೂ ಒಂದೇ ಪ್ರಶ್ನೆ. "ನಾನು ಒಳ್ಳೇದನ್ನೇ ಹೇಳಿದ್ದು ಅಲ್ವೇನೇ? ಒಂದು ಕೆಟ್ಟ ಮಾತು ಆಡಿದ್ನಾ?" ಇಲ್ಲ ಎನ್ನುತ್ತೇನೆ. ನಾನೂ ಒಳ್ಳೆಯದನ್ನೇ ಹೇಳಿದ್ದು.

ಮುಂದಿನ ವರ್ಷ ಅವರ ಯಜಮಾನರಿಗೆ ಪೆನ್ಸಿಲ್ವೇನಿಯಾದಲ್ಲಿ ಕೆಲಸವಾಗಿ ಹೊರಟುಹೋದರು. ದೀಪಾವಳಿಗೆ ಫೋನ್ ಮಾಡುತ್ತಿದ್ದೆ. ಹಿತ್ತಲಲ್ಲಿ ಮೆಂತ್ಯ ಬಂತು, ಬೆಂಡೆ ಬರಲಿಲ್ಲ, ಇಂಥ ಮಾತು. ಹೊಸ ಊರಿನಲ್ಲಿ ತಾವು ಡಾಕ್ಟರೆಂದು ಯಾರಿಗೂ ಹೇಳಿರಲಿಲ್ಲವಂತೆ. ಒಮ್ಮೆ ನಾನು ಧೈರ್ಯ ಮಾಡಿ, "ಅವತ್ತು ನಾನು ಕೇಳಬಾರದಿತ್ತು ಡಾಕ್ಟ್ರೇ" ಅಂದೆ. "ಬಿಡ್ರಿ ವೈನಿ. ಮಗಳು ಹ್ಯಾಂಗಿದ್ದಾಳ?" ಅಂದರು. ಇಲ್ಲ, ನಿಮ್ಮ ತಪ್ಪಿಲ್ಲ ಅಂತ ಅವರು ಅನ್ನಲಿಲ್ಲ. ಅವರಿಗೂ ಸುಳ್ಳು ಬರುತ್ತಿರಲಿಲ್ಲ.

ಅವರಿಗೆ ಕೊನೆಗೆ ಮೂರು ತಿಂಗಳ ಕಾಯಿಲೆ. ನಮ್ಮವರು, ನಾನು ಬೆಳಗಿನ ಜಾವ ಹೊರಟು ಮೂರು ಗಂಟೆ ಡ್ರೈವ್ ಮಾಡಿಕೊಂಡು ಅಂತ್ಯಕ್ರಿಯೆ ನಡೆಸಿಕೊಡುವ ಫ್ಯೂನರಲ್ ಹೋಮ್ ತಲುಪಿದೆವು. ಹತ್ತು ಹದಿನೈದು ಜನ ಇದ್ದರು. ಅವರ ಯಜಮಾನರು ನನ್ನ ಕೈಗೆ ಒಂದು ಹಾಳೆ ಕೊಟ್ಟು, "ಸ್ಪೆಲಿಂಗ್ ಎಲ್ಲಾ ಸರಿ ಅದ ಏನು ಒಂದ ಸಲ ನೋಡ್ರಿ, ನನಗ ಕಣ್ಣು ಕಾಣವಲ್ಲು" ಅಂದರು. ಮರಣ ಪ್ರಮಾಣಪತ್ರಕ್ಕೆ ಕೊಡಬೇಕಾದ ವಿವರ. ಹೆಸರು. ಹುಟ್ಟಿದ ಊರು ಹುಬ್ಬಳ್ಳಿ. ತಂದೆ, ತಾಯಿ. ಉದ್ಯೋಗ ಅನ್ನುವ ಕಡೆ, ಹೋಮ್‌ಮೇಕರ್.

"ಡಾಕ್ಟರ್ ಅಂತ ಬರೀಬಹುದಿತ್ತಲ್ಲಾ" ಅಂದೆ.

"ನಾನೂ ಹಂಗ ಅಂದೆ ರೀ. ಆಕೀನ ದವಾಖಾನ್ಯಾಗ ಇದ್ದಾಗ ಹೇಳಿ ಇಟ್ಟಿದ್ಲು. ಎಲ್ಲೇ ಬರ್ಯೂದಿದ್ರೂ ಡಾಕ್ಟರ್ ಅಂತ ಬರೀಬ್ಯಾಡ್ರಿ, ಆಮ್ಯಾಲ ಯಾರರ ಬಂದು ನಿಮ್ಮನ್ನ ಲೈಸೆನ್ಸ್ ಕೇಳ್ತಾರ ಅಂತ."

ಕೌಂಟರಿನಲ್ಲಿದ್ದವನು ಹಾಳೆಗಾಗಿ ಕೈ ಚಾಚಿ ಕಾಯುತ್ತಿದ್ದ. ಎಲ್ಲ ಸರಿಯಿದೆ ಎಂದು ಹೇಳಿ ಕೊಟ್ಟೆ.